ವಾಯುಸಮರವೂ ನೆಲದ ವಿದ್ಯೆಯೂ

ಕುರುಕ್ಷೇತ್ರದ ಹದಿನೆಂಟು ದಿನವೂ ಕೌರವಪಾಂಡವರ ಎರಡು ಪಾಳೆಯಗಳಿಗೂ ಅನ್ನವಿಕ್ಕಿದವನು ಉಡುಪಿಯ ಅರಸನೆಂದೂ, ಯಾವ ಪಕ್ಷವನ್ನೂ ಸೇರದೆ ಎಲ್ಲರ ಹಸಿವನ್ನು ತಣಿಸುವ ಹೊಣೆಯನ್ನು ಹೊತ್ತ ಅವನು ಒಂದು ಹೊತ್ತೂ ಅಡುಗೆ ಉಳಿಯದಂತೆಯೂ ಸಾಲದೆ ಹೋಗದಂತೆಯೂ ನಡೆಸಿಕೊಟ್ಟನೆಂದೂ ನಮ್ಮ ಕಡೆ ಒಂದು ಐತಿಹ್ಯವುಂಟು. ಬನ್ನಂಜೆಯಿಂದ ರಥಬೀದಿಯವರೆಗೆ ಯಾರನ್ನು ಕೇಳಿದರೂ ಈ ಕಥೆಯನ್ನು ತಮ್ಮದೇ ಮನೆಯ ಸಂಗತಿಯೆಂಬಂತೆ ಹೇಳಿಯಾರು. ಇದರಲ್ಲಿ ಚರಿತ್ರೆಯ ಪಾಲು ಎಷ್ಟೇ ಇರಲಿ, ಒಂದು ವಿವೇಕವಂತೂ ಇದೆ: ಬಿಲ್ಲು ಹಿಡಿದವನ ಹೆಸರನ್ನು ಲೋಕವು ಹಾಡುತ್ತದೆ, ಆ ಬಿಲ್ಲು ಮರುದಿನವೂ ಎತ್ತಲ್ಪಡುವಂತೆ ಮಾಡಿದವನ ಹೆಸರನ್ನು ಮರೆಯುತ್ತದೆ.

ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳಲ್ಲಿ ಅತ್ಯಂತ ಹೊಸದಾದ ವಾಯುಸಮರಕ್ಕೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಆಕಾಶದಲ್ಲಿ ಒಬ್ಬೊಬ್ಬನೇ ಹಾರಿ, ಒಬ್ಬನನ್ನೊಬ್ಬನು ಅಟ್ಟಿ ಹೊಡೆಯುವ ವೈಮಾನಿಕನ ಚಿತ್ರವು ಎಷ್ಟು ಮನೋಹರವಾಗಿದೆಯೆಂದರೆ, ಆ ಯುದ್ಧದ ಗೆಲುವು ಸೋಲುಗಳು ಬಹುಮಟ್ಟಿಗೆ ನೆಲದ ಮೇಲೆಯೇ ನಿರ್ಣಯವಾದುವೆಂಬುದು ಒಡನೆ ಹೊಳೆಯುವುದಿಲ್ಲ. 1939ರಿಂದ ಎರಡು ಮೂರು ವರ್ಷಗಳ ಕಾಲ ಯೂರೋಪಿನ ಆಕಾಶದಲ್ಲಿ ನಡೆದುದನ್ನೂ, ಅದೇ ಅವಧಿಯಲ್ಲಿ ಬೆಂಗಳೂರಿನ ಹೊರವಲಯದ ಒಂದು ಬಯಲಿನಲ್ಲಿ ನಡೆದುದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಸಂಗತಿಯು ಸ್ಪಷ್ಟವಾಗುತ್ತದೆ.

ಯುದ್ಧಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಯೂರೋಪಿನ ಸೇನಾಪಂಡಿತರ ಮನಸ್ಸನ್ನು ಆಳಿದ್ದು ಬಾಂಬು ಹೊತ್ತ ವಿಮಾನದ ಭಯ. ಎಷ್ಟೇ ಕಾವಲಿಟ್ಟರೂ ಬಾಂಬರು ವಿಮಾನಗಳು ನುಸುಳಿ ಬಂದೇ ಬರುವುವೆಂದು ಇಂಗ್ಲೆಂಡಿನ ರಾಜಕಾರಣಿ ಸ್ಟ್ಯಾನ್ಲಿ ಬಾಲ್ಡ್‌ವಿನ್ 1932ರಲ್ಲಿ ಪಾರ್ಲಿಮೆಂಟಿನಲ್ಲಿಯೇ ಸಾರಿದ್ದನು. ಜರ್ಮನಿಯಿಂದ ಇಂಗ್ಲೆಂಡಿಗೆ ಇರುವ ದೂರವನ್ನು ಅಳೆದು, ಅಲ್ಲಿಂದ ಹೊರಟ ಬಾಂಬರುಗಳ ಜೊತೆಗೆ ಸಣ್ಣ ಹೋರಾಟದ ವಿಮಾನಗಳು ಬರಲಾರವೆಂದು ಬ್ರಿಟಿಷ್ ವಾಯುಪಡೆಯವರು ಲೆಕ್ಕ ಹಾಕಿದರು. ಇದಿರಾಳಿಯು ಕಾವಲಿಲ್ಲದ ಬಾಂಬರೇ ಆಗಿರುವುದಾದರೆ ಅವನ ಮೇಲೆ ಆದಷ್ಟು ಹೆಚ್ಚು ಗುಂಡುಗಳನ್ನು ಒಮ್ಮೆಗೇ ಸುರಿಸುವುದೊಂದೇ ಕಾರ್ಯವೆಂದು ತೀರ್ಮಾನಿಸಿ, ಮೂರು ಮೂರು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರದಲ್ಲಿ ಬಾಣದ ಮೊನೆಯಾಕಾರದಲ್ಲಿ ಹಾರುವ ವ್ಯೂಹವನ್ನು ಗೊತ್ತುಮಾಡಿ, ಯಾವ ಸಂದರ್ಭದಲ್ಲಿ ಯಾವ ಕ್ರಮದಿಂದ ಏರಿಹೋಗಬೇಕೆಂಬುದಕ್ಕೆ ಅಂಕಿ ಹಾಕಿದ ವಿಧಿಗಳನ್ನೂ ಬರೆದಿಟ್ಟರು. ಆ ವ್ಯೂಹವು ನೋಡುವುದಕ್ಕೆ ಚೆನ್ನಾಗಿತ್ತು. ಆದರೆ ಅದರಲ್ಲಿ ಹಾರುವ ಮೂವರಲ್ಲಿ ಇಬ್ಬರ ದೃಷ್ಟಿಯೆಲ್ಲ ಮುಂದಾಳಿನ ರೆಕ್ಕೆಯನ್ನು ಕಾಯುವುದರಲ್ಲೇ ವ್ಯಯವಾಗುತ್ತಿತ್ತು. ಬೆನ್ನ ಹಿಂದೆ, ಸೂರ್ಯನ ದಿಕ್ಕಿನಿಂದ ಇಳಿಯುವ ವೈರಿಯನ್ನು ನೋಡುವವರೇ ಇರಲಿಲ್ಲ.

ಜರ್ಮನರು ಬೇರೆಯ ಪಾಠಶಾಲೆಯಲ್ಲಿ ಕಲಿತವರು. ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಭಾಗವಹಿಸಿದ ಅವರ ಕಾಂಡೋರ್ ಪಡೆಗೆ ಹೊಸ ಮೆಸ್ಸರ್‌ಶ್ಮಿಟ್ 109 ವಿಮಾನಗಳು ಬಂದಾಗ, ಸಂಖ್ಯೆ ಸಾಲದ ಕಾರಣ ಮೂರರ ಬದಲು ಎರಡೆರಡಾಗಿ ಹಾರುವುದು ಅನಿವಾರ್ಯವಾಯಿತು. ಅನಿವಾರ್ಯವಾದುದೇ ಉತ್ತಮವೆಂದು ಅನುಭವವು ತೋರಿಸಿತು. ವರ್ನರ್ ಮೋಲ್ಡರ್ಸ್ ಎಂಬ ತರುಣ ಅಧಿಕಾರಿಯು 1938ರಲ್ಲಿ ಈ ಅನುಭವಕ್ಕೆ ಒಂದು ಶಿಸ್ತನ್ನು ಕೊಟ್ಟನು. ಒಬ್ಬನು ಹೊಡೆಯುವವನು, ಇನ್ನೊಬ್ಬನು ಅವನ ಬೆನ್ನು ಕಾಯುವವನು. ಇಂತಹ ಎರಡು ಜೋಡಿಗಳು ಸೇರಿ ನಾಲ್ಕು. ಈ ನಾಲ್ಕೂ, ಚಾಚಿದ ಕೈಯ ನಾಲ್ಕು ಬೆರಳುಗಳ ತುದಿಯಂತೆ ಮುಂದೆ ಹಿಂದೆಯಾಗಿ, ನಡುವೆ ಇನ್ನೂರು ಮೀಟರಿನಷ್ಟು ಅಂತರವನ್ನು ಬಿಟ್ಟು, ಒಂದೇ ಎತ್ತರದಲ್ಲಿರದೆ ಹಾರತಕ್ಕವು. ಅಂತರವು ಹೆಚ್ಚಿದುದರಿಂದ ಪ್ರತಿಯೊಬ್ಬನಿಗೂ ಸುತ್ತ ನೋಡುವ ಬಿಡುವು ದೊರೆಯಿತು. ಬೆನ್ನು ಕಾಯುವವನ ಕೆಲಸವು ಹೊಡೆಯುವವನ ಕೆಲಸದಷ್ಟೇ ಮುಖ್ಯವೆಂದು ಒಪ್ಪಿಕೊಂಡುದೇ ಈ ಯುಕ್ತಿಯ ತಿರುಳು.

1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲೆ ದಾಳಿಯಾಯಿತು. ಪೋಲೆಂಡಿನ ವಿಮಾನಗಳೆಲ್ಲ ಮೊದಲ ದಿನವೇ ನೆಲದಲ್ಲಿ ಸುಟ್ಟುಹೋದುವೆಂಬ ಮಾತು ಬಹುಕಾಲ ಹಬ್ಬಿತ್ತು, ಅದು ನಿಜವಲ್ಲ. ಪೋಲಿಷರು ತಮ್ಮ ಹೋರಾಟದ ವಿಮಾನಗಳನ್ನು ಮೊದಲೇ ಸಣ್ಣ ಸಣ್ಣ ಮೈದಾನಗಳಿಗೆ ಹಂಚಿ ಅಡಗಿಸಿದ್ದರು. ಗಂಟೆಗೆ 400 ಕಿಲೋಮೀಟರನ್ನೂ ಮುಟ್ಟದ ತಮ್ಮ ಪಿ. 11 ವಿಮಾನಗಳಲ್ಲಿ, 500 ಕಿಲೋಮೀಟರನ್ನು ಮೀರಿದ ಮೆಸ್ಸರ್‌ಶ್ಮಿಟ್‌ಗಳ ಇದಿರು ನಿಂತು ಅವರು ವಾರ್ಸಾ ನಗರಿಯ ಮೇಲೆ ಕಾದಾಡಿದರು. ಅವರನ್ನು ಸೋಲಿಸಿದ್ದು ವೇಗದ ಕೊರತೆಯೊಂದೇ ಅಲ್ಲ. ಸಂದೇಶ ಸಾಗಿಸುವ ತಂತಿಗಳು ಕಡಿದುಹೋದುವು, ಬಿಡಿಭಾಗಗಳೂ ಇಂಧನವೂ ಮೈದಾನದಿಂದ ಮೈದಾನಕ್ಕೆ ತಲುಪದೆ ಹೋದುವು. ಹೀಗೆ ಕಾಲಿನ ಕೆಳಗಿನ ನೆಲವೇ ಸರಿದಮೇಲೆ ಹಾರುವ ಕೌಶಲವು ನಿರಾಶ್ರಯವಾಯಿತು.

ಅದೇ ವರ್ಷ ಡಿಸೆಂಬರ್ 18ರಂದು ಬ್ರಿಟಿಷರು ತಮ್ಮದೇ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿದರು. ಹೆಲಿಗೋಲೆಂಡ್ ಕೊಲ್ಲಿಯ ಮೇಲೆ, ಹಾಡುಹಗಲಿನಲ್ಲಿ, ಕಾವಲಿಲ್ಲದೆ ಹೋದ 22 ವೆಲಿಂಗ್ಟನ್ ಬಾಂಬರುಗಳ ಪೈಕಿ 12 ಹಿಂದಿರುಗಲಿಲ್ಲ. ಅವುಗಳ ಆಗಮನವನ್ನು ಜರ್ಮನರ ರಾಡಾರ್ ಯಂತ್ರವು ಮುಂಚಿತವಾಗಿ ಕಂಡಿತ್ತು. ಬಾಂಬರು ಹೇಗಾದರೂ ನುಸುಳಿ ಬಂದೇ ಬರುವುದೆಂಬ ಸಿದ್ಧಾಂತವು ಆ ಒಂದು ಮಧ್ಯಾಹ್ನದಲ್ಲಿ ಮುರಿಯಿತು; ಮುಂದೆ ಬ್ರಿಟಿಷ್ ಬಾಂಬರುಗಳು ಹೆಚ್ಚಾಗಿ ರಾತ್ರಿಯ ಕತ್ತಲನ್ನು ಆಶ್ರಯಿಸಿದುವು.

ಪಶ್ಚಿಮದ ಗಡಿಯಲ್ಲಿ ಫ್ರಾನ್ಸಿನ ಪರವಾಗಿ ಹಾರಿದ ವಿಮಾನಗಳಲ್ಲಿ ಒಂದರ ವೃತ್ತಾಂತವನ್ನು ನಾವು ಗಮನಿಸಿ ಕೇಳಬೇಕು. ಏಕೆಂದರೆ ಅದು ಮುಂದೆ ನಮ್ಮ ನಾಡಿಗೆ ಬರುವುದು. ತನ್ನ ಕಾರ್ಖಾನೆಗಳು ಬೇಕಾದಷ್ಟು ವಿಮಾನಗಳನ್ನು ಕೊಡಲಾರವೆಂದು ಕಂಡ ಫ್ರಾನ್ಸ್, ಅಮೆರಿಕದ ಕರ್ಟಿಸ್ ಕಂಪೆನಿಯ ಹಾಕ್ 75 ಎಂಬ ವಿಮಾನವನ್ನು 1938ರ ಮೇ ತಿಂಗಳಲ್ಲಿ ಮೊದಲು ನೂರರ ಲೆಕ್ಕದಲ್ಲಿ ಕೊಂಡಿತು. ಮುಂಭಾಗದಲ್ಲಿ ದುಂಡನೆಯ ಎಂಜಿನ್ನು, ಗಟ್ಟಿಯಾದ ಲೋಹದ ಮೈ, ಚುರುಕಾಗಿ ತಿರುಗುವ ಗುಣ, ಇವು ಅದರ ಲಕ್ಷಣಗಳು. 1939ರ ಸೆಪ್ಟೆಂಬರ್ 8ರಂದು ಈ ಹಾಕ್‌ಗಳು ಎರಡು ಮೆಸ್ಸರ್‌ಶ್ಮಿಟ್ 109ಗಳನ್ನು ಉರುಳಿಸಿದುದೇ ಆ ಯುದ್ಧದಲ್ಲಿ ಫ್ರೆಂಚ್ ವೈಮಾನಿಕರ ಮೊದಲ ವಿಜಯ. ಮೆಸ್ಸರ್‌ಶ್ಮಿಟ್ ವೇಗದಲ್ಲಿ ಮೇಲು, ತಿರುವಿನಲ್ಲಿ ಹಾಕ್ ಮೇಲು. ವೈರಿಯನ್ನು ತಿರುವಿನ ಕಾಳಗಕ್ಕೆ ಎಳೆಯಬಲ್ಲವನು ಉಳಿದನು, ಎಳೆಯಲಾರದವನು ಅಳಿದನು. ಹಾಕ್ ಹಾರಿಸಿದ ಎದ್ಮೋಂ ಮಾರಾಂ ಲ ಮೆಸ್ಲೆ ಎಂಬವನು 1940ರಲ್ಲಿ ಫ್ರೆಂಚರ ಅಗ್ರಗಣ್ಯ ವೈಮಾನಿಕರಲ್ಲಿ ಒಬ್ಬನೆಂದು ಹೆಸರಾದನು.

ಆದರೂ ಫ್ರಾನ್ಸ್ ಆರು ವಾರಗಳಲ್ಲಿ ಬಿದ್ದಿತು. ಫ್ರೆಂಚ್ ಕಾರ್ಖಾನೆಗಳಿಂದ ಹೊರಬಂದ ಕೆಲವು ಹೊಸ ವಿಮಾನಗಳು ಪ್ರೊಪೆಲರ್ ಇಲ್ಲದೆ, ಗುರಿ ಹಿಡಿಯುವ ಸಲಕರಣೆಯಿಲ್ಲದೆ ಸಾಲಾಗಿ ನಿಂತಿದ್ದುವು. ಮುಂದಣ ಕಾವಲಿನಿಂದ ಸುದ್ದಿ ಬರುವುದು ತಡವಾಗುತ್ತಿತ್ತು. ಬಂದ ಸುದ್ದಿಗೆ ತಕ್ಕಂತೆ ಪಡೆಗಳನ್ನು ಕಳುಹಿಸುವ ಏಕಸೂತ್ರವಿರಲಿಲ್ಲ. ಧೀರರಿಗೆ ಅಲ್ಲಿ ಕೊರತೆಯಿರಲಿಲ್ಲ. ಕೊರತೆಯಾದುದು ಧೀರರ ಹಿಂದೆ ಇರಬೇಕಾಗಿದ್ದ ವ್ಯವಸ್ಥೆ.

ಆ ವ್ಯವಸ್ಥೆಯನ್ನು ಮೊದಲೇ ಕಟ್ಟಿಟ್ಟುಕೊಂಡಿದ್ದವನು ಬ್ರಿಟನ್ನಿನ ಹೋರಾಟಪಡೆಯ ದಂಡನಾಯಕ ಹ್ಯೂ ಡೌಡಿಂಗ್. ಫ್ರಾನ್ಸಿಗೆ ಇನ್ನಷ್ಟು ವಿಮಾನಗಳನ್ನು ಕಳುಹಿಸಿದರೆ ಸ್ವದೇಶದ ರಕ್ಷಣೆಯೇ ಬರಿದಾಗುವುದೆಂದು 1940ರ ಮೇ 16ರಂದು ಸರ್ಕಾರಕ್ಕೆ ನಿರ್ದಾಕ್ಷಿಣ್ಯವಾಗಿ ಬರೆದ ಈ ಮಿತಭಾಷಿಯು, ಕರಾವಳಿಯುದ್ದಕ್ಕೂ ರಾಡಾರ್ ಗೋಪುರಗಳನ್ನು ನಿಲ್ಲಿಸಿ, ಅವುಗಳ ಹಿಂದಣ ಒಳನಾಡಿನಲ್ಲಿ ಸುಮಾರು 30,000 ಮಂದಿ ಸ್ವಯಂಸೇವಕರು ಕಣ್ಣಿನಿಂದಲೂ ಕಿವಿಯಿಂದಲೂ ಆಕಾಶವನ್ನು ಕಾಯುವಂತೆ ಮಾಡಿ, ಇವೆರಡು ಮೂಲಗಳಿಂದ ಬಂದ ಸುದ್ದಿಯನ್ನು ಒಂದು ಕೋಣೆಯಲ್ಲಿ ಸೋಸಿ, ದೊಡ್ಡ ಮೇಜಿನ ಮೇಲೆ ಹರಡಿದ ಭೂಪಟದಲ್ಲಿ ಗುರುತಿಟ್ಟು, ಯಾವ ನೆಲೆಯಿಂದ ಯಾವ ಸ್ಕ್ವಾಡ್ರನ್ ಯಾವ ಕ್ಷಣ ಏರತಕ್ಕದ್ದೆಂಬುದನ್ನು ಟೆಲಿಫೋನಿನಿಂದಲೂ ರೇಡಿಯೋದಿಂದಲೂ ತಿಳಿಸುವ ಒಂದು ಸಮಗ್ರ ತಂತ್ರವನ್ನು ರಚಿಸಿದ್ದನು. ಮಲ್ಪೆ ಕಾಪುಗಳ ಕಡಲತಡಿಯಲ್ಲಿ ರಂಪಣಿ ಬಲೆಯನ್ನು ಎಳೆಯುವುದನ್ನು ಕಂಡವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ನೀರಿನ ಬಣ್ಣವನ್ನು ನೋಡಿ ಮೀನಿನ ಹಿಂಡನ್ನು ಗುರುತಿಸಿ ಸನ್ನೆ ಮಾಡುವವನೊಬ್ಬ, ಆ ಸನ್ನೆಯಂತೆ ದೋಣಿಯಿಂದ ಬಲೆಯನ್ನು ಬಳಸಿ ಬಿಡುವವರು ಕೆಲವರು, ದಡದಲ್ಲಿ ನಿಂತು ಎರಡು ತುದಿಗಳನ್ನು ಎಳೆಯುವವರು ಹಲವರು, ಇವರಲ್ಲಿ ಒಂದು ಪಂಗಡ ತಪ್ಪಿದರೂ ಮೀನು ಕೈಗೆ ಸಿಗದು.

1940ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ ನಡೆಯಿತೆಂದು ಗಣಿಸಲಾದ ಬ್ರಿಟನ್ನಿನ ಆಕಾಶದ ಹೋರಾಟದಲ್ಲಿ, ಸ್ಪಿಟ್‌ಫೈರ್, ಹರಿಕೇನ್, ಮೆಸ್ಸರ್‌ಶ್ಮಿಟ್ ಎಂಬ ಹೆಸರುಗಳು ನಮ್ಮ ದೇಶದ ಪತ್ರಿಕೆಗಳನ್ನು ಓದುವವರ ನಾಲಗೆಯ ಮೇಲೂ ನಲಿದುವು. ಮೆಸ್ಸರ್‌ಶ್ಮಿಟ್ 109ರ ಟ್ಯಾಂಕಿನಲ್ಲಿ ಲಂಡನ್ನಿನ ಮೇಲೆ ಹತ್ತು ಹದಿನೈದು ನಿಮಿಷ ಮಾತ್ರ ಕಾದುವಷ್ಟು ಇಂಧನ ಉಳಿಯುತ್ತಿತ್ತು. ಬ್ರಿಟಿಷರು ಎಲ್ಲಿ ಬೇಕೋ ಅಲ್ಲಿಗೆ, ಯಾವಾಗ ಬೇಕೋ ಆಗಲೇ ಏರುತ್ತಿದ್ದುದರಿಂದ ಆಕಾಶದಲ್ಲಿ ಅಲೆದು ಇಂಧನವನ್ನು ಸುಡುವ ಅಗತ್ಯ ಅವರಿಗಿರಲಿಲ್ಲ. ಸೆಪ್ಟೆಂಬರ್ 7ರಂದು ಜರ್ಮನರು ವಿಮಾನನೆಲೆಗಳನ್ನು ಬಿಟ್ಟು ಲಂಡನ್ ನಗರದ ಮೇಲೆ ತಿರುಗಿದುದು ಈ ನೆಲದ ತಂತ್ರಕ್ಕೆ ಉಸಿರಾಡಲು ಸಿಕ್ಕಿದ ಅವಕಾಶವಾಯಿತು. ಮೂರರ ಬಿಗಿಯಾದ ವ್ಯೂಹವನ್ನು ಬ್ರಿಟಿಷ್ ವೈಮಾನಿಕರೂ ಕ್ರಮೇಣ ತೊರೆದರು. ದಕ್ಷಿಣ ಆಫ್ರಿಕದ ಅಡಾಲ್ಫ್ ಮಲಾನ್ ತನ್ನ ಸ್ಕ್ವಾಡ್ರನ್ನನ್ನು ನಾಲ್ಕು ನಾಲ್ಕಾಗಿ ವಿಭಾಗಿಸಿದನು. 1941ರ ಹೊತ್ತಿಗೆ ಮೋಲ್ಡರ್ಸನ ನಾಲ್ಕು ಬೆರಳಿನ ಕ್ರಮವೇ ಅವರಲ್ಲಿಯೂ ನೆಲೆಗೊಳ್ಳತೊಡಗಿತು.

ಆದರೆ ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಇನ್ನೊಂದು ಸಂಗತಿಯಲ್ಲಿ. ಆ ಬೇಸಗೆಯಲ್ಲಿ ಬ್ರಿಟಿಷ್ ಸ್ಕ್ವಾಡ್ರನ್ನುಗಳಿಗೆ ಸಂದ ವಿಮಾನಗಳಲ್ಲಿ ಮೂರರಲ್ಲಿ ಒಂದರಷ್ಟು ಹೊಸವಲ್ಲ. ಗುಂಡು ತಿಂದು, ಹೊಲಗದ್ದೆಗಳಲ್ಲಿ ಬಿದ್ದು, ಲಾರಿಗಳಲ್ಲಿ ಸಾಗಿ, ನಾಗರಿಕ ಕಾರ್ಖಾನೆಗಳಲ್ಲಿ ದುರಸ್ತಿಯಾಗಿ ಮತ್ತೆ ಹಾರಿದವು. ಕಡಿದಾಗಿ ಮೂಗು ಬಾಗಿಸಿದಾಗ ಸ್ಪಿಟ್‌ಫೈರಿನ ಮರ್ಲಿನ್ ಎಂಜಿನ್ನು ಕ್ಷಣಕಾಲ ಉಸಿರು ಕಟ್ಟಿ ಕೆಮ್ಮುತ್ತಿತ್ತು, ಇಂಧನವನ್ನು ಒತ್ತಿ ಚಿಮ್ಮಿಸುವ ಏರ್ಪಾಡಿದ್ದ ಜರ್ಮನ್ ಎಂಜಿನ್ನಿಗೆ ಆ ದೋಷವಿರಲಿಲ್ಲ. ಪ್ರಾಣಾಂತಿಕವಾದ ಈ ಕುಂದನ್ನು 1941ರಲ್ಲಿ ಬಹುಮಟ್ಟಿಗೆ ನೀಗಿಸಿದ್ದು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಯೋಜಿಸಿದ, ನಡುವೆ ತೂತುಳ್ಳ ಒಂದು ಪುಟ್ಟ ಲೋಹದ ಬಿಲ್ಲೆ. ಯಾವ ವೀರನ ಯಾವ ಸಾಹಸವೂ ಆ ಬಿಲ್ಲೆಯಷ್ಟು ಪ್ರಾಣಗಳನ್ನು ಉಳಿಸಿತೋ ಇಲ್ಲವೋ ಹೇಳಲಾರೆ.

ಈಗ ಘಟ್ಟದ ಮೇಲಣ ವೃತ್ತಾಂತಕ್ಕೆ ಬರೋಣ. ಆ ದಿನಗಳಲ್ಲಿ ಉಡುಪಿಯು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಬೆಂಗಳೂರು ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿದ ಊರು. ಭಾಷೆಯೊಂದೇ ಆದರೂ ಆಡಳಿತ ಬೇರೆ. ಆ ಸಂಸ್ಥಾನದಲ್ಲಿ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಕೈಗಾರಿಕೆಯೆಂದರೆ ಕೈಚಾಚಿ ಕರೆಯುವವರು. ಇತ್ತ ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದರಿಗೆ, ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆಯನ್ನು ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿಯ ಪರಿಚಯವು 1939ರಲ್ಲಿ ವಿಮಾನಪ್ರಯಾಣವೊಂದರಲ್ಲಿ ಆಯಿತು. ಭಾರತದಲ್ಲಿಯೂ ವಿಮಾನ ಕಟ್ಟಬಾರದೇಕೆಂಬ ಅವರ ಪ್ರಶ್ನೆಗೆ ಬ್ರಿಟಿಷ್ ಸರ್ಕಾರವು ಮೊದಲು ಕಿವಿಗೊಡಲಿಲ್ಲ. ಫ್ರಾನ್ಸ್ ಬಿದ್ದಮೇಲೆ ಕಿವಿ ತೆರೆಯಿತು. ಶಿವನಸಮುದ್ರದಿಂದ 1902ರಲ್ಲಿಯೇ ಹರಿಯತೊಡಗಿದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಟಾಟಾ ಅವರ ವಿಜ್ಞಾನಮಂದಿರ, ಸಮುದ್ರದಿಂದ ದೂರವಾದ ಸ್ಥಾನ, ಹಿತವಾದ ಹವೆ, ಇವುಗಳ ಜೊತೆಗೆ ಮೈಸೂರು ಸರ್ಕಾರವು ಒಡ್ಡಿದ ಸುಮಾರು 700 ಎಕರೆ ನೆಲವೂ ಬಂಡವಾಳದ ಪಾಲೂ ಸೇರಿ ಕಾರ್ಖಾನೆಯನ್ನು ಬೆಂಗಳೂರಿಗೆ ಸೆಳೆದುವು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯು ನೋಂದಣಿಯಾಯಿತು. ಲಂಡನ್ ನಗರವಿನ್ನೂ ರಾತ್ರಿಯ ಬಾಂಬುಗಳಲ್ಲಿ ಉರಿಯುತ್ತಿದ್ದ ಕಾಲವದು.

1941ರ ಆಗಸ್ಟಿನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ಎಂಬ ತರಬೇತಿಯ ವಿಮಾನವು ಹಾರಿತು. ಅದಾದ ಮೇಲೆ, 1942ರ ಜುಲೈ ಕೊನೆಯಲ್ಲಿ, ಬೆಂಗಳೂರಿನ ಆಕಾಶಕ್ಕೆ ಏರಿದುದು ಅದೇ ಕರ್ಟಿಸ್ ಹಾಕ್ ಕುಲದ ಒಂದು ವಿಮಾನ. ಫ್ರಾನ್ಸ್ ಬಿದ್ದಾಗ ಅದಕ್ಕೆ ತಲುಪದೆ ಉಳಿದ ಹಾಕ್‌ಗಳು ಬ್ರಿಟನ್ನಿನ ಪಾಲಿಗೆ ಬಂದು ಮೋಹಾಕ್ ಎಂಬ ಹೆಸರನ್ನು ಪಡೆದಿದ್ದುವು. ಫ್ರೆಂಚರ ರೂಢಿಯಂತೆ ಅವುಗಳ ವೇಗದ ಹಿಡಿಯನ್ನು ಹಿಂದಕ್ಕೆ ಎಳೆದರೆ ಎಂಜಿನ್ನಿನ ರಭಸ ಹೆಚ್ಚುತ್ತಿತ್ತು, ಬ್ರಿಟಿಷರಿಗೆ ಮುಂದಕ್ಕೆ ತಳ್ಳುವುದು ಅಭ್ಯಾಸ. ಆದಕಾರಣ ಹಿಡಿಯನ್ನೂ ಅಳತೆಯ ಗಡಿಯಾರಗಳನ್ನೂ ಬದಲಾಯಿಸಬೇಕಾಯಿತು. ಯೂರೋಪಿನ ರಣರಂಗಕ್ಕೆ ಅವು ಹಳತಾದುವೆಂದು ತೀರ್ಮಾನಿಸಿದವರು ಅವನ್ನು ಭಾರತಕ್ಕೆ ಕಳುಹಿಸಿದರು. 1941ರ ಕೊನೆಯಿಂದ ಸುಮಾರು ಎರಡು ವರ್ಷಗಳ ಕಾಲ ಬಂಗಾಳ ಅಸ್ಸಾಮುಗಳ ಆಕಾಶವನ್ನು ಜಪಾನೀಯರಿಂದ ಕಾಯ್ದ ಕೆಲವೇ ವಿಮಾನಗಳಲ್ಲಿ ಈ ಹಳೆಯ ಹಾಕ್‌ಗಳು ಸೇರಿದ್ದುವು. ಬೆಂಗಳೂರಿನಲ್ಲಿ ಪೂರ್ತಿಯಾದವು ಬೆರಳೆಣಿಕೆಯಷ್ಟು ಮಾತ್ರ. ಆದರೂ ಅವನ್ನು ಜೋಡಿಸಿದ ಕೈಗಳು ನಮ್ಮವು.

ಅಷ್ಟರಲ್ಲಿ ಯುದ್ಧವು ನಮ್ಮ ಮನೆಯ ಬಾಗಿಲಿಗೆ ಬಂದಿತ್ತು. 1942ರ ಏಪ್ರಿಲ್ 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ಟ್ರಿಂಕೊಮಲೆ ಜಪಾನೀಯರ ಬಾಂಬುಗಳಿಗೆ ತುತ್ತಾದುವು. ಮದರಾಸಿನ ಜನ ಗುಂಪು ಗುಂಪಾಗಿ ಊರು ಬಿಟ್ಟರು. ಹಿಂದಿನ ವರ್ಷ ಪಾಲುದಾರನಾಗಿ ಬಂದಿದ್ದ ಭಾರತ ಸರ್ಕಾರವು ಈಗ ಕಾರ್ಖಾನೆಯ ಆಡಳಿತವನ್ನೇ ವಹಿಸಿಕೊಂಡಿತು. ಹೊಸ ವಿಮಾನಗಳನ್ನು ಕಟ್ಟುವ ಯೋಜನೆಯು ಬದಿಗೆ ಸರಿದು, ಕೆಟ್ಟವನ್ನು ರಿಪೇರಿ ಮಾಡುವ ಕಾರ್ಯವೇ ಪ್ರಧಾನವಾಯಿತು. 1943ರಲ್ಲಿ ಅಮೆರಿಕದ ವಾಯುಸೇನೆಯ 84ನೆಯ ಡಿಪೋ ಎಂದು ಅದು ನಡೆಯತೊಡಗಿತು. ಡಕೋಟಾ ಎಂಬ ಸಾಗಣೆಯ ವಿಮಾನಗಳೂ ಮಿಚೆಲ್ ಬಾಂಬರುಗಳೂ ಬರ್ಮಾದ ಗಡಿಯಿಂದ ಗಾಯಗೊಂಡು ಇಲ್ಲಿಗೆ ಬಂದು, ಗುಣಹೊಂದಿ ಹಿಂದಿರುಗಿದುವು. ನೀರಿನ ಮೇಲೆ ಇಳಿಯುವ ಕೆಟಲಿನಾ ವಿಮಾನಗಳು ಬೆಳ್ಳಂದೂರಿನ ಕೆರೆಗೆ ಬಂದಿಳಿದುವು. ಹೊಲ ಉಳುತ್ತಿದ್ದವರ ಮನೆಗಳಿಂದಲೂ ಪೇಟೆಯ ಕಮ್ಮಾರರ, ಬಡಗಿಗಳ ಕುಟುಂಬಗಳಿಂದಲೂ ಬಂದ ತರುಣರು ಅಲ್ಯೂಮಿನಿಯಂ ತಗಡನ್ನು ಕತ್ತರಿಸುವುದನ್ನೂ, ರಿವೆಟ್ ಹೊಡೆಯುವುದನ್ನೂ, ಎಂಜಿನ್ನನ್ನು ತುಂಡು ತುಂಡಾಗಿ ಬಿಚ್ಚಿ, ಕೂದಲೆಳೆಯ ಅಳತೆಯಲ್ಲಿ ಪರೀಕ್ಷಿಸಿ, ಮತ್ತೆ ಕೂಡಿಸುವುದನ್ನೂ ಕಲಿತರು.

ಸ್ವತಂತ್ರವಾಗಿ ವಿಮಾನ ಕಟ್ಟುವ ಹಂಬಲವನ್ನು ಹೀಗೆ ಪರರ ರಿಪೇರಿಗೆ ಒಗ್ಗಿಸಿದುದು ನಮಗಾದ ಹಾನಿಯೆಂದು ವಾದಿಸುವವರಿದ್ದಾರೆ. ಆ ನೋವು ನ್ಯಾಯವಾದುದೇ. ಆಳುವವರು ತಮ್ಮ ಯುದ್ಧದ ಅನುಕೂಲವನ್ನು ನೋಡಿದರೇ ಹೊರತು ನಮ್ಮ ಕೈಗಾರಿಕೆಯ ಬೆಳವಣಿಗೆಯನ್ನಲ್ಲ. ಆದರೆ ಬಂದ ವಿದ್ಯೆಯು ಯಾರ ಅಪ್ಪಣೆಯಿಂದ ಬಂದರೂ ಕಲಿತವನ ಕೈಯಲ್ಲಿ ಉಳಿಯುತ್ತದೆ. ಹಲವು ದೇಶಗಳ, ಹಲವು ಬಗೆಯ ವಿಮಾನಗಳ ಒಡಲನ್ನು ಬಿಚ್ಚಿ ನೋಡಿದವನಿಗೆ, ಎಲ್ಲಿ ಯಾವುದು ಮುರಿಯುತ್ತದೆ, ಏಕೆ ಮುರಿಯುತ್ತದೆ ಎಂಬುದು ಬಾಯಿಪಾಠವಾಗುತ್ತದೆ; ಇದು ನಕ್ಷೆಯನ್ನು ನೋಡಿ ಕಟ್ಟುವವನಿಗೆ ಸುಲಭವಾಗಿ ದೊರೆಯುವ ಜ್ಞಾನವಲ್ಲ. ಯುದ್ಧ ಮುಗಿದಮೇಲೆ ಸೇನೆಯು ಬಿಟ್ಟುಹೋದ ಡಕೋಟಾಗಳನ್ನು ಪ್ರಯಾಣಿಕರ ವಿಮಾನಗಳನ್ನಾಗಿ ಮಾರ್ಪಡಿಸಿ ದೇಶದ ವಿಮಾನಸಂಚಾರಕ್ಕೆ ಕಾಲು ಕೊಟ್ಟವರು ಇದೇ ಕಾರ್ಖಾನೆಯವರು; ರೈಲುಗಾಡಿಯ ಬೋಗಿಗಳನ್ನು ಕಟ್ಟಿದವರೂ ಇವರೇ.

ಕೈಯ ವಿದ್ಯೆಯ ಪಕ್ಕದಲ್ಲಿ ಶಾಸ್ತ್ರದ ವಿದ್ಯೆಯೂ ಬೇರೂರಿತು. 1942ರ ಡಿಸೆಂಬರಿನಲ್ಲಿ ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಿತು. ಜರ್ಮನಿಯ ಗಟಿಂಗೆನ್ ನಗರದಲ್ಲಿ ಪ್ರಖ್ಯಾತ ಪ್ರಾಂಟ್ಲ್ ಅವರ ಬಳಿ ಕಲಿತು ಬಂದ ವಿ. ಎಂ. ಘಾಟಗೆ ಅವರು ಅದನ್ನು ಬೆಳೆಸಿದರು. ಅವರ ಮುಂದಾಳುತನದಲ್ಲಿ ರೂಪುಗೊಂಡ ಎಚ್.ಟಿ. 2 ಎಂಬ ತರಬೇತಿಯ ವಿಮಾನವು 1951ರ ಆಗಸ್ಟಿನಲ್ಲಿ ಹಾರಿತು. ಯೂರೋಪಿನ ಆ ಹಳೆಯ ಸಮರದ ಇಬ್ಬರು ಶಿಲ್ಪಿಗಳ ಕಲ್ಪನೆಗಳೂ ಇದೇ ಬಯಲಿನಲ್ಲಿ ಆಕಾರ ತಾಳಿದುವು. 1941ರಲ್ಲಿ ಇಂಗ್ಲಿಷ್ ಕಾಲುವೆಯ ಮೇಲೆ ಕಾಣಿಸಿಕೊಂಡು ಬ್ರಿಟಿಷರನ್ನು ಕಂಗೆಡಿಸಿದ ಫೋಕೆ ವುಲ್ಫ್ 190ರ ರಚನಕಾರ ಕುರ್ಟ್ ಟಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿಯ ಎಂಜಿನಿಯರುಗಳೊಡನೆ ಸೇರಿ ಮಾರುತ್ ವಿಮಾನವನ್ನು ರೂಪಿಸಿದನು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಹಾರಿಸಿದರು. 1940ರಲ್ಲಿ ಫ್ರಾನ್ಸಿನಲ್ಲಿಯೂ, 1942ರಲ್ಲಿ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನವರ ಕೈಯಲ್ಲಿ ಬರ್ಮಾದಲ್ಲಿಯೂ ಹಾರಿದ ಲೈಸ್ಯಾಂಡರ್ ವಿಮಾನದ ಕರ್ತೃವಾದ ಪೆಟ್ಟರನು ಮುಂದೆ ರಚಿಸಿದ ನ್ಯಾಟ್ ವಿಮಾನವೂ ಬೆಂಗಳೂರಿನಲ್ಲಿಯೇ ತಯಾರಾಯಿತು.

ನಮ್ಮ ಕರಾವಳಿಗೆ ವಿಮಾನದ ಯುಗವು ತುಸು ತಡವಾಗಿ ಇಳಿಯಿತು. 1951ರ ಡಿಸೆಂಬರ್ 25ರಂದು ಬಜ್ಪೆಯ ಗುಡ್ಡದ ಮೇಲೆ ಜವಾಹರಲಾಲ್ ನೆಹರೂ ಅವರನ್ನು ಹೊತ್ತು ಇಳಿದ ವಿಮಾನವು ಡಕೋಟಾ ಜಾತಿಯದೇ. 1956ರಲ್ಲಿ ಆಡಳಿತದ ಗೆರೆ ಅಳಿಸಿ ಜಿಲ್ಲೆಯು ಮೈಸೂರಿನೊಡನೆ ಕೂಡಿತು. ಮರುವರ್ಷ ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈ ಅವರು ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. ಅದುವರೆಗೆ ಯಂತ್ರಶಾಸ್ತ್ರವನ್ನು ಕಲಿಯಲು ಊರು ಬಿಟ್ಟು ಹೋಗಬೇಕಾಗಿದ್ದ ಉಡುಪಿ ಕಾರ್ಕಳಗಳ ಮಕ್ಕಳಿಗೆ ಆ ವಿದ್ಯೆಯು ಮನೆಯ ಹತ್ತಿರಕ್ಕೇ ಬಂದಿತು.

ವಾಯುಸಮರದ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳುವಾಗ ಮೋಲ್ಡರ್ಸ್, ಮಲಾನ್, ಮೆಸ್ಲೆ ಮುಂತಾದವರ ಚಾತುರ್ಯವನ್ನು ಹೇಳೋಣ, ಅದು ಸ್ಮರಣಾರ್ಹವೇ. ಅವರಲ್ಲಿ ಅನೇಕರು ಮೂವತ್ತೈದು ವರ್ಷ ತುಂಬುವ ಮೊದಲೇ ಮಡಿದರೆಂಬುದನ್ನೂ, ಅವರು ಹಾರಿದ ಆಕಾಶದ ಕೆಳಗಣ ಊರುಗಳಲ್ಲಿ ಸಾವಿರಾರು ನಿರಪರಾಧಿಗಳು ಬೆಂದರೆಂಬುದನ್ನೂ ಮುಚ್ಚಿಡದೆ ಹೇಳೋಣ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮಾತ್ರ ಅದು ಅರ್ಧ ಚರಿತ್ರೆ. ರಾಡಾರ್ ಗೋಪುರದಲ್ಲಿ ನಿದ್ದೆಗೆಟ್ಟವರು, ಭೂಪಟದ ಮೇಜಿನ ಸುತ್ತ ನಿಂತ ಹೆಣ್ಣುಮಕ್ಕಳು, ಬೆಂಗಳೂರಿನ ಷೆಡ್ಡುಗಳಲ್ಲಿ ಪರದೇಶದ ಎಂಜಿನ್ನುಗಳನ್ನು ಬಿಚ್ಚಿ ಕೂಡಿಸಿದ ನಮ್ಮ ಕೆಲಸಗಾರರು, ಇವರನ್ನು ಸೇರಿಸಿದಾಗಲೇ ಅದು ಪೂರ್ಣವಾದೀತು. ಯುದ್ಧದ ಶೌರ್ಯವು ಯುದ್ಧದೊಡನೆ ಮುಗಿಯುತ್ತದೆ; ದುರಸ್ತಿಯ ವಿದ್ಯೆಯಾದರೋ ಶಾಂತಿಕಾಲದಲ್ಲಿ ರೈಲಾಗಿ, ಪ್ರಯಾಣದ ವಿಮಾನವಾಗಿ, ಪಾಠಶಾಲೆಯಾಗಿ ಮುಂದುವರಿಯುತ್ತದೆ. ಆ ಘೋರ ಕಾಲದಿಂದ ಕನ್ನಡ ನಾಡು ಪಡೆದುದು ಈ ಎರಡನೆಯದನ್ನು. ಅದನ್ನು ಗಳಿಸಿಕೊಟ್ಟವರ ಋಣವನ್ನು ಅವರ ವೃತ್ತಿಯ ಚರಿತ್ರೆಯನ್ನು ಬರೆದು ನಾವು ತೀರಿಸಬೇಕು.